ಎರಡು ಗಂಟೆಗೆ ಹೇಳಬೇಕಾದ ಉತ್ತರ

ಬೆಳಿಗ್ಗೆ ಆರಕ್ಕೆ ಗಂಡಸರೆಲ್ಲ ದನ ಒಟ್ಟುಮಾಡಲು ಹೊರಟುಹೋದ ಮೇಲೆ ಮೆರಿನ್ ಅಡುಗೆಮನೆಯಲ್ಲಿ ನಿಂತು, ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರಿಗೆ ಏನು ಹೇಳಬೇಕೆಂದು ತನಗೆ ಇನ್ನೂ ಗೊತ್ತಿಲ್ಲವಲ್ಲ ಎಂದುಕೊಂಡಳು. ಹೌದು ಅನ್ನಬೇಕು, ಇಲ್ಲವೇ ಬೇಡ ಅನ್ನಬೇಕು. ಯೋಚಿಸಲು ಎರಡು ವಾರ ಕೊಟ್ಟಿದ್ದರು. ಆ ಎರಡು ವಾರವೂ ಅವಳು ಹೌದು ಎಂದುಕೊಂಡು ಮಲಗಿ ಬೇಡ ಎಂದುಕೊಂಡು ಎದ್ದಿದ್ದಳು. ಬೇಡ ಎನ್ನುತ್ತಾ ಬಟ್ಟೆ ನೆನೆಹಾಕಿ, ಹೌದು ಎನ್ನುತ್ತಾ ಒಣಹಾಕಿದ್ದಳು. ಫ್ರಿಜ್ಜಿನ ಮೇಲೆ ಮಾತ್ರೆಯ ಡಬ್ಬಿ ಇತ್ತು. ಕಳೆದ ವಾರದ ಅಂಚೆ ವಿಮಾನದಲ್ಲಿ ಬಂದದ್ದು. ಶುರುಮಾಡುವುದಾದರೆ ಕೈಯಲ್ಲಿರಲಿ ಎಂದು ಬ್ರಿಸ್ಬೇನಿನ ಡಾಕ್ಟರಮ್ಮ ಕಳಿಸಿದ್ದರು. ಅದರ ಮೇಲೆ ಮಗಳು ಫರ್ನಳ ಹೆಸರು, ವಯಸ್ಸು ಒಂಬತ್ತು ಎಂದು ಅಚ್ಚಾಗಿತ್ತು. ಮುಚ್ಚಳದ ಸೀಲನ್ನು ಯಾರೂ ಒಡೆದಿರಲಿಲ್ಲ. ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲೆಳೆದಾಗಲೆಲ್ಲ ಒಳಗಿನ ಮಾತ್ರೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು, ಅವಳು ಬರಬರುತ್ತಾ ಹಾಲಿಲ್ಲದ ಚಹಾ ಕುಡಿಯಲು ಕಲಿತಿದ್ದಳು.

ಡಾಕ್ಟರಮ್ಮ ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸಿಕೊಂಡು ತಾಳ್ಮೆಯಿಂದಲೇ ಹೇಳಿದ್ದರು. ಇದು ಮೊದಲನೆಯ ಫಿಟ್ಸು. ಮೊದಲ ವಾರ ಆಸ್ಪತ್ರೆಗೆ ಬಂದು ಮಾಡಿಸಿದ ಮಿದುಳಿನ ಪರೀಕ್ಷೆ, ಸ್ಕ್ಯಾನು ಎಲ್ಲ ಸರಿಯಾಗಿವೆ. ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡನೆಯದು ಬರುವುದೇ ಇಲ್ಲ. ದಿನವೂ ಮಾತ್ರೆ ಕೊಟ್ಟರೆ ಬರುವ ಸಂಭವ ಇನ್ನಷ್ಟು ಕಡಿಮೆ; ಆದರೆ ನಾಲ್ಕೈದು ವರ್ಷ ಕಳೆದ ಮೇಲೆ ನೋಡಿದರೆ ಕೊಟ್ಟ ಮಕ್ಕಳೂ ಕೊಡದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿ ಇರುತ್ತಾರೆ. ಮಾತ್ರೆಯಿಂದ ಕೆಲವರಿಗೆ ಮಂಪರು, ಕೆಲವರಿಗೆ ಸಿಡುಕು, ಕೆಲವರು ಮಂಕಾಗಿಬಿಡುತ್ತಾರೆ. ಪಟ್ಟಣದವರಾಗಿದ್ದರೆ ಕಾಯಿರಿ ಅನ್ನುತ್ತಿದ್ದೆ, ನೀವು ದೊಡ್ಡ ಆಸ್ಪತ್ರೆಯಿಂದ ಆರುನೂರು ಕಿಲೋಮೀಟರು ದೂರದಲ್ಲಿದ್ದೀರಿ, ಆದ್ದರಿಂದ ನೀವು ಏನು ಹೇಳಿದರೂ ಸರಿಯೇ, ಎಂದಿದ್ದರು. ಏನು ಹೇಳಿದರೂ ಸರಿ! ಎರಡರಲ್ಲೊಂದು ತಪ್ಪು ಎಂದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಕ್ಲೈಡ್‌ನನ್ನು ಕೇಳಿದರೆ ಅವನು ಬೂಟಿನ ಲಾಡಿ ಕಟ್ಟುತ್ತಾ, ಅವಳ ಮುಖ ನೋಡದೆ, "ನೀನೇ ನೋಡು. ದಿನಾ ಮನೇಲಿರೋಳು ನೀನು" ಎಂದು ಎದ್ದುಹೋಗಿದ್ದ. ಹದಿಮೂರು ವರ್ಷದ ಸಂಸಾರದಲ್ಲಿ ಅವನು ಒಂದು ನೀರಿನ ತೊಟ್ಟಿಯ ಬಣ್ಣವನ್ನೂ ಅವಳಿಗೆ ಬಿಟ್ಟುಕೊಟ್ಟವನಲ್ಲ. ಇದನ್ನು ಮಾತ್ರ ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದ. ಯಾಕೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು.

ಫಿಟ್ಸು ಬಂದ ಆ ಬೆಳಿಗ್ಗೆ ಫರ್ನ್ ಇದೇ ಮೇಜಿನ ಹತ್ತಿರ ಕೂತು ಟೋಸ್ಟಿಗೆ ಜಾಮು ಹಚ್ಚುತ್ತಿದ್ದಳು. ಚಾಕು ಬಿದ್ದ ಸದ್ದಿಗೆ ಮೆರಿನ್ ತಿರುಗಿ, "ಎತ್ತೇ ಅದನ್ನ" ಎಂದಿದ್ದಳು. ಬೈದಿದ್ದಳು. ಮಗು ಅಷ್ಟು ಹೊತ್ತಿಗೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಬಿದ್ದು ಕೈಕಾಲು ಸೆಳೆದುಕೊಳ್ಳುತ್ತಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು, ತುಟಿ ನೀಲಿಯಾಗಿತ್ತು. ಮೆರಿನ್ ಮೂರು ಹೆಜ್ಜೆ ದೂರದಲ್ಲಿದ್ದಳು. ಆ ಮೂರು ಹೆಜ್ಜೆಯನ್ನು ಅವಳು ದಾಟಲಿಲ್ಲ. ಕಾಲು ಬರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು, ಆದರೆ ಕೈ ಬಂದಿತ್ತು. ಕೈ ಗೋಡೆಯ ಮೇಲಿದ್ದ ರೇಡಿಯೋ ತೆಗೆದುಕೊಂಡು ಗುಂಡಿ ಒತ್ತಿತ್ತು. ಸುತ್ತಲಿನ ಐದು ದನದ ಸ್ಟೇಷನ್ನುಗಳಿಗೂ, ಎಂದರೆ ದನ ಸಾಕುವ ದೊಡ್ಡ ಜಮೀನುಗಳಿಗೂ, ಇರುವುದು ಒಂದೇ ಚಾನೆಲ್. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಿಸಿಕೊಳ್ಳಬಹುದು, ಎರಡೂ ಒಟ್ಟಿಗೆ ಆಗುವುದಿಲ್ಲ. ಒಬ್ಬರು ಒತ್ತಿ ಹಿಡಿದುಬಿಟ್ಟರೆ ಬೇರೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಈ ಕಡೆಯ ಮಕ್ಕಳು ಅಕ್ಷರ ಕಲಿಯುವ ಮೊದಲು ಇದನ್ನು ಕಲಿಯುತ್ತಾರೆ. ಮೆರಿನ್ ನಾಲ್ಕು ನಿಮಿಷ ಗುಂಡಿ ಬಿಡಲಿಲ್ಲ. ಐದು ಸ್ಟೇಷನ್ನಿನ ಜನ, ಅವರ ಅಡುಗೆಯವರು, ದಾರಿಯಲ್ಲಿ ಹೋಗುತ್ತಿದ್ದ ಲಾರಿಯವರು ಎಲ್ಲ ಅವಳ ಕಿರುಚಾಟ ಕೇಳಿದರು, ಯಾರೊಬ್ಬರಿಗೂ ಒಂದು ಮಾತು ಹೇಳಲಾಗಲಿಲ್ಲ. ಆಮೇಲೆ ಅವಳು ರೇಡಿಯೋವನ್ನು ಎಸೆದಳು, ಅದು ಒಡೆದು ಬ್ಯಾಟರಿ ಒಲೆಯ ಕೆಳಗೆ ಹೋಯಿತು. ಓಡಿಹೋಗಿ, ದೂರದ ಮನೆಗಳಿಗೆ ವಿಮಾನದಲ್ಲಿ ಬರುವ ಡಾಕ್ಟರಿಗೆ ಫೋನು ಮಾಡಿದಾಗ ಅವರು, "ನಿಮ್ಮ ಮನೆಯ ಔಷಧಿ ಪೆಟ್ಟಿಗೆ ತೆಗೀರಿ, ನಾನು ನಂಬರ್ ಹೇಳ್ತೀನಿ" ಎಂದರು. ಎಲ್ಲ ಔಷಧಿಗೂ ನಂಬರು ಅಂಟಿಸಿದ್ದ ಆ ಪೆಟ್ಟಿಗೆ ಅವಳ ಮೊಣಕೈ ಹತ್ತಿರವೇ ಇತ್ತು, ಅಲ್ಲಿಯವರೆಗೆ ಅದರ ನೆನಪೇ ಬಂದಿರಲಿಲ್ಲ. ಮುಚ್ಚಳ ತೆಗೆಯುವ ಹೊತ್ತಿಗೆ ಮಗು ತಾನಾಗಿಯೇ ಸುಮ್ಮನಾಗಿ ಗೊರಕೆ ಹೊಡೆಯುತ್ತಿತ್ತು.

ಕ್ಲೈಡ್ ನಲವತ್ತು ನಿಮಿಷ ಕಳೆದು ಬಂದ. ಬಾಗಿಲಲ್ಲಿ ನಿಂತು ಮಲಗಿದ ಮಗುವನ್ನು ನೋಡಿದ, ಅದರ ತಲೆಯ ಹತ್ತಿರ ಫೋನು ಹಿಡಿದು ಕೂತ ಹೆಂಡತಿಯನ್ನು ನೋಡಿದ, ತಿರುಗಿ ಹೊರಗೆ ಹೋಗಿಬಿಟ್ಟ. ಅವನು ನೀರಿನ ತೊಟ್ಟಿಯ ಹಿಂದೆ ಬಹಳ ಹೊತ್ತು ನಿಂತಿದ್ದ. ಆ ಬೆನ್ನನ್ನು ಅವಳು ಮೂರು ವಾರದಿಂದ ನೋಡುತ್ತಲೇ ಇದ್ದಾಳೆ. ಮಗುವನ್ನು ಮುಟ್ಟದೆ ನಿಂತು ಊರಿಗೆಲ್ಲ ಕೇಳುವ ಹಾಗೆ ಬಾಯಿ ಬಡಿದುಕೊಂಡವಳು. ಅಂಥವಳ ಮುಖ ಯಾವ ಗಂಡ ತಾನೇ ನೋಡುತ್ತಾನೆ? ಅದೇ ಮಧ್ಯಾಹ್ನ ಮೂರು ಪಿಕಪ್‌ಗಳಲ್ಲಿ ನೆರೆಯವರು ಊಟ ಹೊತ್ತು ಬಂದರು. ಉಪ್ಪಿಗೆ ಹಾಕಿದ ಮಾಂಸ, ಆಲೂಗಡ್ಡೆ, ಒಣಹಣ್ಣಿನ ಎರಡು ಕೇಕು. ಸೋಫಾದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ ಫರ್ನಳನ್ನು ನೋಡಿ ಅವರು ಏನೇನೋ ಹೇಳಿ ನಕ್ಕರು, ಅಗತ್ಯಕ್ಕಿಂತ ಜೋರಾಗಿ ನಕ್ಕರು. ತನ್ನನ್ನೇ ನೋಡಿ ನಗುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಅವತ್ತಿನಿಂದ ಅವಳು ರೇಡಿಯೋ ಮುಟ್ಟಿಲ್ಲ. ಕ್ಲೈಡ್ ಅದಕ್ಕೆ ಟೇಪು ಸುತ್ತಿ ಮತ್ತೆ ಗೋಡೆಗೆ ಹಾಕಿದ್ದಾನೆ, ಅವಳು ಅದರ ಕಡೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಾಳೆ. ಮಾತ್ರೆ ಕೊಡೋಣ ಅನ್ನಿಸಿದಾಗಲೆಲ್ಲ ಒಳಗಿಂದ ಇನ್ನೊಂದು ದನಿ ಬರುತ್ತದೆ: ನೀನು ಅವಳಿಗಾಗಿ ಕೊಡುತ್ತಿದ್ದೀಯೋ, ಆ ಅಡುಗೆಮನೆಯಲ್ಲಿ ಇನ್ನೊಂದು ಸಲ ನಿಲ್ಲಬೇಕಾಗಿ ಬರಬಾರದು ಅಂತ ಕೊಡುತ್ತಿದ್ದೀಯೋ?

"ನನಗೇನು ಜೈಲಾ?" ಎಂದು ಫರ್ನ್ ಹಿತ್ತಲ ಬಾಗಿಲಿಂದ ಕೂಗಿದಳು. ಕುದುರೆ ಬೇಡ, ಮೋಟಾರ್‌ಬೈಕು ಬೇಡ, ತೊಟ್ಟಿಯಲ್ಲಿ ಈಜುವುದಂತೂ ಬೇಡವೇ ಬೇಡ ಎಂದು ಮೆರಿನ್ ಮೂರು ವಾರದ ಹಿಂದೆಯೇ ಹೇಳಿಯಾಗಿತ್ತು. ಹುಡುಗಿ ಈಗ ಮನೆಯ ಸುತ್ತ ಬರಿಗಾಲಲ್ಲಿ ಅಲೆಯುತ್ತಾ ನಾಯಿಗೆ ಗಣಿತ ಹೇಳಿಕೊಡುತ್ತಿದ್ದಳು. ಒಂದು ದಿನ ಹಲ್ಲುಜ್ಜುತ್ತಾ, "ಅಮ್ಮ, ಅವತ್ತು ನಾನು ಹ್ಯಾಗೆ ಕಾಣ್ತಿದ್ದೆ?" ಎಂದು ಕೇಳಿದ್ದಳು. "ನಿದ್ದೆ ಮಾಡ್ತಿದ್ದೋಳ ಥರ ಇದ್ದೆ" ಎಂದು ಮೆರಿನ್ ಸುಳ್ಳು ಹೇಳಿದ್ದಳು. ಹುಡುಗಿ ನೊರೆ ಉಗುಳಿ, "ಬೋರು" ಎಂದಿದ್ದಳು.

ಎಂಟು ಗಂಟೆಗೆ ನೋಲಾ ಬಂದಳು. ಎಪ್ಪತ್ತು ಕಿಲೋಮೀಟರು ಆಚೆಯ ಸ್ಟೇಷನ್ನಿನವಳು, ವಯಸ್ಸೂ ಎಪ್ಪತ್ತು ದಾಟಿದೆ. ದನ ಒಟ್ಟುಮಾಡುವ ದಿನ ಒಬ್ಬರ ಮನೆಗೆ ಇನ್ನೊಬ್ಬರು ಅಡುಗೆಗೆ ಹೋಗುವುದು ಇಲ್ಲಿಯ ವಾಡಿಕೆ, ಕರೆಯುವುದೇನೂ ಬೇಕಾಗಿಲ್ಲ. ಬಂದವಳೇ ಟೋಪಿ ತೆಗೆದು ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ನಿಂತಳು. ಮೆರಿನ್ ಫ್ರೀಜರಿನಿಂದ ಕೇಕು ತೆಗೆದು ಕರಗಲು ಇಟ್ಟಾಗ ನೋಲಾ ಅದನ್ನು ನೋಡಿ ಒಂದು ಕ್ಷಣ ಕೈ ನಿಲ್ಲಿಸಿದಳು.

"ಇದು ನಂದೇ ಅಲ್ವೇನೇ? ಇನ್ನೂ ಮುಗಿಸಿಲ್ವಾ?"

"ಎರಡು ಕೇಕು, ನಾವು ಮೂರು ಜನ. ಎಷ್ಟೂಂತ ತಿನ್ನೋದು. ಗಂಡಸರಿಗೆ ಚಹಾ ಜೊತೆ ಕಳಿಸ್ತೀನಿ."

"ಕಳಿಸು ಕಳಿಸು. ಹಾಳಾಗೋ ಕೇಕಲ್ಲ ಅದು," ಎಂದು ನೋಲಾ ಮತ್ತೆ ಬೆಣ್ಣೆಗೆ ಕೈಹಾಕಿದಳು. ನಂತರ ತನ್ನಷ್ಟಕ್ಕೇ ಹೇಳಿಕೊಳ್ಳುವಂತೆ, "ಅಂಥ ಮನೆಗೆ ಅಂತ ಮಾಡಿದ್ದನ್ನ ಇಂಥ ದಿನ ತಿಂತಿದ್ದೀವಲ್ಲ, ಪುಣ್ಯ" ಎಂದಳು.

"ಎಂಥ ಮನೆಗೆ?"

ನೋಲಾ ಚಾಕು ಕೆಳಗಿಟ್ಟು ಅವಳನ್ನೇ ನೋಡಿದಳು. "ನಿಂಗೆ ಯಾರೂ ಹೇಳಿಲ್ವಾ, ಮಗಳೇ?"

"ಏನು?"

"ಅವತ್ತು ನೀನು ರೇಡಿಯೋದಲ್ಲಿ ಏನಂದೆ ಅಂತ."

ಮೆರಿನ್ ಮೂರು ವಾರದಿಂದ ಹೆದರಿದ್ದ ಮಾತು ಇದೇ. ಕಿರುಚಿದ್ದು ನೆನಪಿತ್ತು, ಏನೆಂದು ಕಿರುಚಿದೆ ಎಂಬುದು ನೆನಪಿರಲಿಲ್ಲ. ಕೆಟ್ಟ ಮಾತು ಆಡಿರಬೇಕು, ಗಂಡನನ್ನು ಬೈದಿರಬೇಕು, ಈ ಮಗು ನನಗೆ ಬೇಡ ಎಂದೇ ಅಂದಿರಬೇಕು ಎಂದು ಎಷ್ಟೋ ಸಲ ಊಹಿಸಿಕೊಂಡು ಒಬ್ಬಳೇ ನಾಚಿ ಸತ್ತಿದ್ದಳು. "ಹೇಳು," ಎಂದಳು.

"ಸತ್ತುಹೋದಳು ಅಂದೆ. ಕ್ಲೈಡ್, ಸತ್ತುಹೋದಳು, ಫರ್ನ್ ಸತ್ತುಹೋದಳು. ಅದೇ, ಮತ್ತೆ ಮತ್ತೆ ಅದೇ. ಆಮೇಲೆ ಏನೋ ಒಡೆದ ಸದ್ದು. ಆಮೇಲೆ ಏನೂ ಇಲ್ಲ. ಫೋನ್ ಮಾಡಿದ್ರೆ ಲೈನು ಬಿಜಿ. ನಾವೆಲ್ಲ ನಂಬಿದ್ವಿ, ಮಾರಾಯ್ತಿ. ಯಾಕೆ ನಂಬಬಾರ್ದು? ತಾಯಿ ಹೇಳ್ತಿದ್ದಾಳೆ. ಅವತ್ತು ತಂದ ಊಟ ಸಾವಿನ ಮನೆಗೆ ತರೋ ಊಟ. ಕೇಕು ಅಕ್ಕನ ತಿಥಿಗೆ ಅಂತ ಮಾಡಿಟ್ಟಿದ್ದೆ, ಅದನ್ನೇ ಎತ್ಕೊಂಡು ಬಂದೆ. ಗಾಡೀಲಿ ಒಂದು ಹೊಸ ಬಿಳಿ ದುಪ್ಪಟಿ ಕೂಡ ಇತ್ತು ನನ್ಹತ್ರ. ಬಂದು ನೋಡಿದ್ರೆ ನಿನ್ನ ಮಗಳು ಬಿಸ್ಕತ್ತು ತಿಂತಿದ್ದಾಳೆ! ನಗದೆ ಇನ್ನೇನು ಮಾಡೋದು ಹೇಳು."

ಮೆರಿನ್ ಕೂತುಕೊಂಡಳು. ಕಿಟಕಿಯಾಚೆ ಫರ್ನ್ ನಾಯಿಗೆ ಏಳರ ಮಗ್ಗಿ ಹೇಳಿಸುತ್ತಿದ್ದಳು. ತನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ ಎಂಬ ಸಮಾಧಾನ ಒಂದು ಗಳಿಗೆ ಬಂತು, ಬಂದದ್ದಕ್ಕೆ ಅವಳಿಗೆ ಅಸಹ್ಯವೂ ಆಯಿತು, ಯಾಕೆಂದರೆ ಅದರ ಹಿಂದೆಯೇ ಕ್ಲೈಡ್ ನೆನಪಿಗೆ ಬಂದ. ಅವತ್ತು ಅವನು ಕೆಲಸಕ್ಕಿದ್ದ ಉತ್ತರದ ಬೇಲಿಯಿಂದ ಮನೆಗೆ ನಲವತ್ತು ನಿಮಿಷ. ಅಷ್ಟೂ ದೂರ ಅವನು ಒಬ್ಬನೇ ಗಾಡಿ ಓಡಿಸಿಕೊಂಡು ಬಂದಿದ್ದ. ರೇಡಿಯೋದಲ್ಲಿ ಕರೆದು ಕರೆದು ನೋಡಿರಬೇಕು. ಹೆಂಡತಿ ಉತ್ತರ ಕೊಟ್ಟಿರಲಿಲ್ಲ. ನೆರೆಯವರಾದರೂ ಅವನಿಗೆ ಏನು ಹೇಳಿಯಾರು? ಬಾಗಿಲಲ್ಲಿ ಬಂದು ನಿಂತವನು ಸತ್ತ ಮಗುವಿನ ತಂದೆ. ಮೂರು ವಾರ ಅವಳು ತನ್ನ ಮೂರು ಹೆಜ್ಜೆಯನ್ನೇ ಅಳೆಯುತ್ತಾ ಕೂತಿದ್ದಳು, ಅವನ ನಲವತ್ತು ನಿಮಿಷವನ್ನು ಒಂದು ಸಲವೂ ಯೋಚಿಸಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು, ಅವಳ ಭಯ ಅವಳ ಕಡೆಗೆ, ಅವನ ಭಯ ಅವನ ಕಡೆಗೆ. ಅವಳಿಗೆ ಅಳು ಬಂತು. ನೋಲಾ ಬೆಣ್ಣೆ ಹಚ್ಚಿದ ಬ್ರೆಡ್ಡುಗಳನ್ನು ಜೋಡಿಸಿ ಬಟ್ಟೆ ಮುಚ್ಚಿದಳು.

ಹನ್ನೆರಡಕ್ಕೆ ಗಾಡಿಗೆ ಊಟ ತುಂಬಿಕೊಂಡು ಮೆರಿನ್ ದೊಡ್ಡಿಗೆ ಹೊರಟಳು. ಫರ್ನ್ ಹಿಂದೆ ಕೂರುತ್ತೇನೆ ಎಂದು ಹಟ ಮಾಡಿ, ಬೈಸಿಕೊಂಡು, ಮುಂದೆ ಕೂತಳು. ದೊಡ್ಡಿಯಲ್ಲಿ ಎಂಟುನೂರು ದನ ಒಟ್ಟಿಗೆ ಕೂಗುತ್ತಿದ್ದವು, ಕೆಂಪು ಧೂಳು ಎದ್ದಿತ್ತು. ಆಳುಗಳು ಟೋಪಿ ತೆಗೆದು ಅವಳಿಗೆ ನಮಸ್ಕಾರ ಹೇಳಿ ನೆಲ ನೋಡುತ್ತಾ ತಟ್ಟೆ ತೆಗೆದುಕೊಂಡರು. ಇಷ್ಟು ದಿನ ಆ ನೆಲ ನೋಡುವುದನ್ನು ತನ್ನ ಅವಮಾನ ಎಂದುಕೊಂಡಿದ್ದಳು. ಈಗ ನೋಡಿದರೆ ಅವರು ಕದ್ದು ಕದ್ದು ನೋಡುತ್ತಿದ್ದುದು ಫರ್ನಳನ್ನು. ಒಬ್ಬ ಮುದುಕ ಆಳು ಸುಮ್ಮನೆ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟು, ಕೇಕಿನ ದೊಡ್ಡ ತುಂಡು ಅವಳಿಗೆ ಕೊಟ್ಟು ಬಂದ. ಮೆರಿನ್ ಕ್ಲೈಡ್‌ನನ್ನು ಗಾಡಿಯ ಮರೆಗೆ ಕರೆದಳು. ಹೇಗೆ ಶುರುಮಾಡುವುದೆಂದು ತಿಳಿಯದೆ ನೇರವಾಗಿ ಕೇಳಿಬಿಟ್ಟಳು.

"ನಾನು ಸತ್ತುಹೋದಳು ಅಂದೆನಂತೆ. ನೀನು ಯಾಕೆ ಹೇಳ್ಲಿಲ್ಲ ನಂಗೆ?"

ಅವನು ಚಹಾದ ಲೋಟವನ್ನು ಗಾಡಿಯ ಮೇಲಿಟ್ಟ. "ಏನಂತ ಹೇಳೋದು?"

"ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ ಅಂದ್ಕೊಂಡಿದ್ದೆ."

"ಸಿಟ್ಟಾ?" ಅವನು ನಿಜವಾಗಿಯೂ ಬೆರಗಾದ. ಮುಖ ದನಗಳ ಕಡೆ ತಿರುಗಿಸಿದ. "ಮೆರಿನ್, ದಾರೀಲಿ ಅಪ್ಪ ಅಮ್ಮನ ಗೋರಿ ಇದೆಯಲ್ಲ, ಅಲ್ಲಿ ಗಾಡಿ ನಿಧಾನ ಮಾಡ್ದೆ. ಅಮ್ಮನ ಎಡಗಡೆ ಜಾಗ ಇದೆ ಅಂತ ನೋಡ್ದೆ. ಅಲ್ಲಿ ಕಲ್ಲು ಜಾಸ್ತಿ, ಅಗೆಯೋಕೆ ಯಂತ್ರ ತರಬೇಕು ಅಂದ್ಕೊಂಡೆ. ಯಾವ ಯಂತ್ರ, ಯಾರ ಹತ್ರ ಇದೆ, ಎಲ್ಲ ಲೆಕ್ಕ ಹಾಕ್ದೆ. ಮನೆಗೆ ಬಂದ್ರೆ ಗೊರಕೆ ಹೊಡೀತಿದ್ದಾಳೆ. ಅವಳ ಮುಖ ಹೆಂಗೆ ನೋಡ್ಲಿ? ನಾನು ಅವಳನ್ನ ಹೂಳೋಕೆ ಜಾಗ ನೋಡ್ಕೊಂಡು ಬಂದೋನು."

ಅವಳು ಅವನ ತೋಳು ಹಿಡಿದಳು. ಅದು ಧೂಳು ಮೆತ್ತಿ ಒರಟಾಗಿತ್ತು. "ಎರಡು ಗಂಟೆಗೆ ಡಾಕ್ಟರು ಕೇಳ್ತಾರೆ. ಏನನ್ಲಿ?"

"ಕೊಡು," ಎಂದ. ತಕ್ಷಣ ಎಂದ, ಮೂರು ವಾರದಿಂದ ನಾಲಿಗೆಯ ತುದಿಯಲ್ಲೇ ಇದ್ದದ್ದು. "ಕೊಟ್ಟುಬಿಡು. ದಿನಾ ಎರಡು ಹೊತ್ತು ಕೊಡು. ನಂಗೂ ಬೇಕಾದ್ರೆ ಎರಡು ಕೊಡು. ಅವಳು ಮಂಕಾಗ್ಲಿ, ಸಿಡುಕಲಿ, ಓದದೇ ಹೋಗ್ಲಿ. ಆ ದಾರೀಲಿ ನಾನು ಇನ್ನೊಂದ್ಸಲ ಬರಲಾರೆ."

ಮನೆಗೆ ಬರುವಾಗ ಗಾಡಿಯಲ್ಲಿ ಅವಳಿಗೆ ಮನಸ್ಸು ಹಗುರಾಗಿತ್ತು. ಕೊನೆಗೂ ಉತ್ತರ ಸಿಕ್ಕಿತ್ತು, ಅದನ್ನು ಹೇಳಿದವನೂ ಬೇರೊಬ್ಬ. ತನ್ನ ಭಯಕ್ಕೆ ಮಾತ್ರೆ ಕೊಡುವುದು ಸ್ವಾರ್ಥ. ಗಂಡನ ಭಯಕ್ಕೆ ಕೊಟ್ಟರೆ? ಅದು ಪ್ರೀತಿ ಅನ್ನಿಸಿಕೊಳ್ಳಬಹುದು. ಹೌದು ಅನ್ನುವುದು, ಸಂಜೆ ಸೀಲು ಒಡೆಯುವುದು, ರಾತ್ರಿ ಇಬ್ಬರೂ ನಿದ್ದೆ ಮಾಡುವುದು. ಅವಳು ಮನಸ್ಸಿನಲ್ಲೇ ಹೌದು, ಹೌದು ಎಂದು ಅಭ್ಯಾಸ ಮಾಡಿಕೊಂಡಳು. ಪಕ್ಕದಲ್ಲಿ ಫರ್ನ್ ಬೂದಿಬಣ್ಣದ ಕಾಂಗರೂ ಒಂದನ್ನು ತೋರಿಸಿ ಏನೋ ಹೇಳುತ್ತಿದ್ದಳು, ಅದು ಅವಳ ಕಿವಿಗೆ ಬೀಳಲಿಲ್ಲ. ನೋಲಾ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ತನ್ನ ಮನೆಗೆ ಹೋಗಿದ್ದಳು.

ಸರಿಯಾಗಿ ಎರಡಕ್ಕೆ ಪರದೆ ಬೆಳಗಿತು. ಡಾಕ್ಟರಮ್ಮ ಮೊದಲು ಮಗಳನ್ನು ಮಾತಾಡಿಸಿದರು. ಏನು ಮಾಡ್ತಿದ್ದೀಯ ಪುಟ್ಟಿ ಎಂದರೆ, ನಾಯಿಗೆ ಮಗ್ಗಿ ಎಂದಳು. "ಸರಿ, ಅಮ್ಮ ಏನು ಯೋಚನೆ ಮಾಡಿದ್ದಾರೆ?" ಎಂದು ಅವರು ಕೇಳಿದರು.

"ಶುರುಮಾಡ್ತೀವಿ ಡಾಕ್ಟರೇ," ಎಂದಳು ಮೆರಿನ್. ದನಿ ಗಟ್ಟಿಯಾಗಿಯೇ ಬಂತು.

"ಆಗಲಿ. ನಿಮ್ಮ ಜಾಗಕ್ಕೆ ಅದೂ ಸರಿಯಾದದ್ದೇ."

"ಏನು ಶುರುಮಾಡೋದು?" ಎಂದಳು ಫರ್ನ್.

"ಮಾತ್ರೆ ಕಣೇ. ದಿನಾ ತಗೋಬೇಕು."

"ನಂಗೆ ಆರಾಮಿದೆಯಲ್ಲ."

"ಈಗ ಆರಾಮಿದೆ. ಮತ್ತೆ ಬಂದ್ಬಿಟ್ರೆ ಅಂತ ಹೆದರಿಕೆ."

"ಯಾರಿಗೆ?"

ಹುಡುಗಿ ಜಗಳಕ್ಕೆ ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು. ಮೆರಿನ್ ಸುಳ್ಳು ಹೇಳಬಹುದಾಗಿತ್ತು, ಒಂದು ಸುಳ್ಳು ಆಗಲೇ ಹೇಳಿದ್ದಳಲ್ಲ. "ನಂಗೆ," ಎಂದಳು. "ಅಪ್ಪಂಗೆ."

ಫರ್ನ್ ಪರದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು. "ಹೆದರಿಕೆ ನಿಮಗೆ, ಮಾತ್ರೆ ನಂಗಾ?"

ಮೆರಿನ್ ಮಗಳ ಮುಖವನ್ನು ನೋಡಿದಳು. ಮೂರು ವಾರದಿಂದ ಆ ಮುಖದಲ್ಲಿ ಕಣ್ಣು ಮೇಲೆ ಹೋಗುತ್ತದೆಯೇ, ತುಟಿ ಬಣ್ಣ ಬದಲಾಗುತ್ತದೆಯೇ ಎಂದಷ್ಟೇ ನೋಡುತ್ತಿದ್ದಳು. ಮೂಗಿನ ಮೇಲೆ ಚರ್ಮ ಸುಲಿದಿರುವುದು, ಮುಂದಿನ ಹಲ್ಲೊಂದು ಅರ್ಧ ಬಂದಿರುವುದು ಅವಳಿಗೆ ಈಗ ಕಂಡಿತು. ಆ ಹಲ್ಲು ಯಾವಾಗ ಬಂತೋ. ಈ ಮನೆಯಲ್ಲಿ ಕಾಯಿಲೆ ಬಿದ್ದಿರುವವರು ತಾನು ಮತ್ತು ಕ್ಲೈಡ್, ಕಾಯಿಲೆಯಿಲ್ಲದೆ ಓಡಾಡುತ್ತಿರುವವಳು ಇವಳೊಬ್ಬಳೇ ಎಂದು ಅವಳಿಗೆ ಹೊಳೆಯಿತು. ಎರಡನೆಯದು ಬಂದರೂ ಬರಬಹುದು. ಬಂದರೆ ಈ ಗಳಿಗೆಯನ್ನು ಅವಳು ಜನ್ಮವಿಡೀ ಶಪಿಸಿಕೊಳ್ಳುತ್ತಾಳೆ. ಅದು ಗೊತ್ತಿದ್ದೇ ಬಾಯಿ ತೆರೆದಳು.

"ಇಲ್ಲ ಡಾಕ್ಟರೇ. ಕಾಯ್ತೀವಿ. ಮತ್ತೆ ಫಿಟ್ಸು ಬಂದ್ರೆ ಕೆನ್ನೆಯೊಳಗೆ ಬಿಡೋಕೆ ಅಂತ ಕೊಟ್ಟ ಔಷಧಿ ಇದೆಯಲ್ಲ, ಅದನ್ನ ಹ್ಯಾಗೆ ಬಿಡೋದು, ಎಷ್ಟು ನಿಮಿಷಕ್ಕೆ ಬಿಡೋದು, ಇನ್ನೊಂದ್ಸಲ ಹೇಳಿಕೊಡಿ. ನಿಧಾನವಾಗಿ ಹೇಳಿ, ಬರ್ಕೋತೀನಿ."

ಸಂಜೆ ಐದೂವರೆಗೆ ಕ್ಲೈಡ್ ಬಂದ. ಬೂಟು ಬಿಚ್ಚುವ ಮೊದಲೇ, "ಕೊಟ್ಟೆಯಾ?" ಎಂದ.

"ಕಾಯ್ತೀವಿ ಅಂದೆ."

ಅವನು ಬೂಟು ಬಿಚ್ಚಿ ಗೋಡೆಗೆ ಒರಗಿಸಿಟ್ಟ. ಬೈಯುತ್ತಾನೆ ಎಂದು ಕಾದಳು, ಬೈದರೆ ಒಳ್ಳೆಯದಿತ್ತು. "ನಾನು ಏನು ಹೇಳಿದ್ದೆ ನಿಂಗೆ," ಎಂದಷ್ಟೇ ಹೇಳಿ ಒಳಗೆ ಹೋದ. ಅವಳಿಗೆ ಮದುವೆಯಾದ ಮೇಲೆ ಇಷ್ಟು ಒಂಟಿ ಎನ್ನಿಸಿದ್ದು ಇದೇ ಮೊದಲು. ಬೆಳಗಿನವರೆಗೆ ಇದ್ದ ಒಂಟಿತನ ಬೇರೆ, ಅದು ತಪ್ಪು ತಿಳಿದದ್ದರಿಂದ ಬಂದದ್ದು. ಇದು ಅವನಿಗೆ ಏನು ಬೇಕೆಂದು ಸರಿಯಾಗಿ ತಿಳಿದೂ ಕೊಡದೇ ಇದ್ದದ್ದರಿಂದ ಬಂದದ್ದು. ಕೂಡಿ ನಿರ್ಧರಿಸುವುದು ಎಂಬುದೊಂದು ಇದೆಯೆಂದು ಜನ ಹೇಳುತ್ತಾರೆ. ಅವಳಿಗೆ ಅದು ಸಿಗಲಿಲ್ಲ.

ಫರ್ನ್ ಧೂಳು ತೊಳೆದುಕೊಳ್ಳಲು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ವಾರದಲ್ಲಿ ಮೊದಲ ಸಲ ಹಾಕಿಕೊಳ್ಳಲು ಬಿಟ್ಟಿದ್ದರು. ಮೆರಿನ್ ಆಲೂಗಡ್ಡೆ ಕೆಳಗಿಟ್ಟು ಬಂದು ನೋಡಿದರೆ ಕ್ಲೈಡ್ ಆ ಬಾಗಿಲ ಎದುರು ನೆಲದ ಮೇಲೆ, ಗೋಡೆಗೆ ಒರಗಿ, ಧೂಳು ಬಟ್ಟೆಯಲ್ಲೇ ಕೂತಿದ್ದ. ಅವಳನ್ನು ನೋಡಿ ಕಾಲನ್ನು ಸ್ವಲ್ಪ ಒಳಗೆ ಎಳೆದುಕೊಂಡ. ಅವಳು ಪಕ್ಕದಲ್ಲಿ ಕೂತಳು. ಒಳಗೆ ನೀರು ಬೀಳುತ್ತಿತ್ತು.

ನೀರಿನ ಸದ್ದು ನಿಂತಿತು. ಇಬ್ಬರೂ ಉಸಿರು ಹಿಡಿದರು. ಒಂದು, ಎರಡು, ಮೂರು, ನಾಲ್ಕು ಎಂದು ಅವಳು ಎಣಿಸಿದಳು. ಅವನ ತುಟಿಯೂ ಅಲುಗುತ್ತಿತ್ತು.

"ಸೋಪು ಹುಡುಕ್ತಿದ್ದೀನಿ!" ಎಂದು ಒಳಗಿಂದ ಕೂಗು ಬಂತು. "ನೀವಿಬ್ರೂ ಅಲ್ಲೇ ಕೂತಿರೋದು ಗೊತ್ತು ನಂಗೆ. ಎದ್ದು ಹೋಗಿ!"

ಇಬ್ಬರೂ ಏಳಲಿಲ್ಲ.